ವಿಟಿ-ವಿಜೆಎಂ ಯಾರ ವಿಮಾನ? ಬಾಲದ ಹತ್ತಿರದ ಐದು ಅಕ್ಷರ ಓದೋರ ಲೋಕ

ವಿಜಯ್ ಮಲ್ಯ ಅವರ ಖಾಸಗಿ ಏರ್‌ಬಸ್ ಎ319 ವಿಮಾನದ ನೋಂದಣಿ ಸಂಖ್ಯೆ ವಿಟಿ-ವಿಜೆಎಂ. ಕೊನೆಯ ಮೂರು ಅಕ್ಷರ ಯಾರ ಹೆಸರಿನದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಕಿಂಗ್‌ಫಿಶರ್ ನೆಲಕಚ್ಚಿದ ಮೇಲೆ, 2013ರಲ್ಲಿ, ಸೇವಾ ತೆರಿಗೆ ಬಾಕಿಗಾಗಿ ಸರ್ಕಾರ ಇದನ್ನ ಜಪ್ತಿ ಮಾಡಿತು. ವಿಮಾನ ವರ್ಷಗಟ್ಟಲೆ ಮುಂಬೈ ನಿಲ್ದಾಣದಲ್ಲಿ ನಿಂತೇ ಇತ್ತು. ಒಂದಾದ ಮೇಲೊಂದು ಹರಾಜು ಬಿದ್ದುಹೋಯಿತು. ಕೊನೆಗೆ 2018ರಲ್ಲಿ ಸುಮಾರು 35 ಕೋಟಿ ರೂಪಾಯಿಗೆ ಅಮೆರಿಕದ ಕಂಪನಿಯೊಂದು ಅದನ್ನ ಕೊಂಡಿತು. ಮಾಲೀಕರು ಅಷ್ಟರಲ್ಲಿ ಲಂಡನ್‌ನಲ್ಲಿದ್ದರು.

ಟಿವಿ ಚಾನೆಲ್‌ಗಳು ಮಲ್ಯರನ್ನ ಹಿಂಬಾಲಿಸುತ್ತಿದ್ದಾಗ ಈ ವಿಮಾನವನ್ನ ಹಿಂಬಾಲಿಸುತ್ತಿದ್ದ ಒಂದು ಸಣ್ಣ ಗುಂಪಿತ್ತು. ಅವರು ಪತ್ರಕರ್ತರೂ ಅಲ್ಲ, ತೆರಿಗೆ ಅಧಿಕಾರಿಗಳೂ ಅಲ್ಲ. ವಿಮಾನ ನೋಡೋದು, ಫೋಟೋ ತೆಗೆಯೋದು, ನಂಬರ್ ಬರೆದಿಟ್ಟುಕೊಳ್ಳೋದು ಅವರ ಹವ್ಯಾಸ. ಇದಕ್ಕೆ ಪ್ಲೇನ್ ಸ್ಪಾಟಿಂಗ್ ಅಂತಾರೆ, ಮಾಡೋರಿಗೆ ಸ್ಪಾಟರ್‌ಗಳು ಅಂತಾರೆ.

ಹೊರಗಿನಿಂದ ನೋಡಿದ್ರೆ ಇದು ಕೆಲಸ ಇಲ್ಲದವರ ಕೆಲಸ. ಆದ್ರೆ ಯಾವ ಕಂಪನಿ ಬೆಳೀತಿದೆ, ಯಾವುದು ಸಾಯ್ತಿದೆ, ಯಾರ ವಿಮಾನ ಯಾರ ಹೆಸರಲ್ಲಿ ಹಾರ್ತಿದೆ ಅನ್ನೋದರ ಒಂದು ಸಾರ್ವಜನಿಕ ದಾಖಲೆ ಈ ಹವ್ಯಾಸದಿಂದ ಹುಟ್ಟುತ್ತೆ. ಆ ದಾಖಲೆ ಎಷ್ಟು ಬಾರಿ ಜನರ ಉಪಯೋಗಕ್ಕೆ ಬಂದಿದೆ, ಸರ್ಕಾರಗಳು ಯಾಕೆ ಅದರ ಬಗ್ಗೆ ಅನುಮಾನ ಪಡುತ್ತವೆ, ಭಾರತದ ಆಕಾಶದ ಬಗ್ಗೆ ಅದು ಈಗ ಏನು ಹೇಳ್ತಿದೆ? ಒಂದೊಂದಾಗಿ ನೋಡೋಣ.

ಐದು ಅಕ್ಷರದಲ್ಲಿ ಏನಿದೆ?

ಕಾರಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಪ್ರತಿ ನಾಗರಿಕ ವಿಮಾನಕ್ಕೂ ಒಂದು ನೋಂದಣಿ ಸಂಖ್ಯೆ ಇರುತ್ತೆ. ಬಾಲಕ್ಕೆ ಸ್ವಲ್ಪ ಮುಂಚೆ, ಎರಡೂ ಬದಿಯಲ್ಲಿ ಬರೆದಿರುತ್ತಾರೆ. ಶುರುವಿನ ಅಕ್ಷರ ದೇಶವನ್ನ ಹೇಳುತ್ತೆ. ಅಮೆರಿಕಕ್ಕೆ ಎನ್, ಬ್ರಿಟನ್‌ಗೆ ಜಿ, ಚೀನಾಕ್ಕೆ ಬಿ, ಪಾಕಿಸ್ತಾನಕ್ಕೆ ಎಪಿ, ಟರ್ಕಿಗೆ ಟಿಸಿ. ಭಾರತಕ್ಕೆ ವಿಟಿ.

ಈ 'ವಿಟಿ' ಅಂದ್ರೆ 'ವೈಸ್‌ರಾಯ್ಸ್ ಟೆರಿಟರಿ', ಅದು ಗುಲಾಮಗಿರಿಯ ಗುರುತು ಅಂತ ವಾಟ್ಸಾಪ್‌ನಲ್ಲಿ ನೀವೂ ಓದಿರಬಹುದು. ಸಂಸತ್ತಿನಲ್ಲೂ, ದೆಹಲಿ ಹೈಕೋರ್ಟಿನಲ್ಲೂ ಈ ಮಾತು ಬಂದಿದೆ. ವಾಸ್ತವ ಸ್ವಲ್ಪ ಸಪ್ಪೆ. 1927ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ರೇಡಿಯೋ ಸಮ್ಮೇಳನದಲ್ಲಿ ದೇಶಗಳಿಗೆ ರೇಡಿಯೋ ಕರೆಗುರುತುಗಳನ್ನ ಹಂಚಿದರು. ಭಾರತಕ್ಕೆ ವಿಟಿಎ ಇಂದ ವಿಡಬ್ಲ್ಯೂಝಡ್‌ವರೆಗಿನ ಗುಚ್ಛ ಸಿಕ್ಕಿತು. ಬ್ರಿಟಿಷರ ಕಾಲದ ಹಂಚಿಕೆ ಅನ್ನೋದು ನಿಜ, ವೈಸ್‌ರಾಯ್ ಕತೆ ಆಮೇಲೆ ಹುಟ್ಟಿದ ವಿಸ್ತರಣೆ. ಬದಲಾಯಿಸೋಣ ಅಂದ್ರೆ ಭಾರತದ 'ಬಿ' ಚೀನಾ ಹತ್ತಿರ ಇದೆ, ಇಂಡಿಯಾದ 'ಐ' ಇಟಲಿ ಹತ್ತಿರ ಇದೆ.

ವಿಟಿ ಆದ ಮೇಲಿನ ಮೂರು ಅಕ್ಷರದಲ್ಲೇ ಸ್ಪಾಟರ್‌ಗಳಿಗೆ ಮಜಾ. ಕಂಪನಿಗಳು ತಮಗೆ ಬೇಕಾದ ಅಕ್ಷರ ಕೇಳಿ ಪಡೀತವೆ. ಕಿಂಗ್‌ಫಿಶರ್ ವಿಮಾನಗಳಲ್ಲಿ ಕೆಎಫ್ ಇರ್ತಿತ್ತು. ಜೆಟ್ ಏರ್‌ವೇಸ್‌ನವು ಜೆ ಇಂದ ಶುರು. ಇಂಡಿಗೋದ ಬಹಳಷ್ಟು ವಿಮಾನಗಳು ಐ ಇಂದ ಶುರು. ಆಕಾಸಾ ಏರ್‌ನವು ವೈ. ಸ್ವಲ್ಪ ದಿನ ಅಭ್ಯಾಸ ಆದರೆ ಬಣ್ಣ ನೋಡದೇ ಮಾಲೀಕರನ್ನ ಊಹಿಸಬಹುದು. ಬಣ್ಣ ಒಬ್ಬರದ್ದು, ಅಕ್ಷರ ಇನ್ನೊಬ್ಬರದ್ದು ಆಗಿದ್ದಾಗ ಅಲ್ಲಿ ಏನೋ ಕತೆ ಇದೆ ಅಂತ ಅರ್ಥ.

ಉದಾಹರಣೆಗೆ, ಕೆಲ ವರ್ಷಗಳಿಂದ ಇಂಡಿಗೋದ ಇಸ್ತಾಂಬುಲ್ ವಿಮಾನಗಳ ಮೇಲೆ ಟಿಸಿ ಅಂತ ಇರ್ತಿತ್ತು. ಅಂದ್ರೆ ಟಿಕೆಟ್ ಇಂಡಿಗೋದ್ದು, ಬೋಯಿಂಗ್ 777 ಟರ್ಕಿಶ್ ಏರ್‌ಲೈನ್ಸ್‌ದು, ಪೈಲಟ್‌ಗಳೂ ಅವರದ್ದೇ. 2025ರ ಮೇನಲ್ಲಿ 'ಆಪರೇಷನ್ ಸಿಂಧೂರ' ಆದಮೇಲೆ ಟರ್ಕಿ ಪಾಕಿಸ್ತಾನದ ಪರ ನಿಂತಿತು ಅಂತ ಗಲಾಟೆ ಎದ್ದಾಗ ಬಹಳ ಜನರಿಗೆ ಈ ವ್ಯವಸ್ಥೆ ಹೊಸ ಸುದ್ದಿಯಾಗಿತ್ತು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಆಗಸ್ಟ್ ಕೊನೆಯವರೆಗೆ ಮಾತ್ರ, ಇದೇ ಕೊನೆ ಅಂದಿತು. ಆಗಸ್ಟ್ ಬಂದಾಗ ಮತ್ತೆ ಆರು ತಿಂಗಳು ಕೊಟ್ಟಿತು. ಸ್ಪಾಟರ್‌ಗಳಿಗೆ ಮಾತ್ರ ಇದು ಮೊದಲ ದಿನದಿಂದಲೂ ಗೊತ್ತಿದ್ದ ವಿಷಯ. ಬಾಲದ ಹತ್ತಿರ ಬರೆದಿತ್ತಲ್ಲ!

ನೋಡೋದು ಹೇಗೆ?

ಶುರು ಮಾಡೋಕೆ ಕಣ್ಣು ಸಾಕು. ಬೆಂಗಳೂರಿನ ಆಕಾಶದಲ್ಲಿ ಹೆಚ್ಚು ಕಾಣೋದು ಏರ್‌ಬಸ್ ಎ320 ಕುಟುಂಬ ಮತ್ತು ಬೋಯಿಂಗ್ 737. ಎರಡಕ್ಕೂ ರೆಕ್ಕೆ ಕೆಳಗೆ ಎರಡೇ ಎಂಜಿನ್, ದೂರದಿಂದ ಒಂದೇ ಥರ. ಬಾಲದ ಬುಡ ನೋಡಿ. 737ರ ನಿಂತ ಬಾಲ ಮೈಯನ್ನ ಸೇರುವ ಜಾಗದಲ್ಲಿ ಒಂದು ಮುರಿದ ಹಾಗಿನ ಇಳಿಜಾರು ಇರುತ್ತೆ, ಎ320ರಲ್ಲಿ ಬಾಲ ನೇರ ಮೇಲೇಳುತ್ತೆ. ವಿಮಾನ ಮೇಲೇರಿದ ಮೇಲೆ ಹೊಟ್ಟೆ ಕೆಳಗೆ ಎರಡು ಚಕ್ರ ಕಪ್ಪಗೆ ಕಾಣಿಸಿದರೆ ಅದು 737, ಅದರ ಚಕ್ರಕ್ಕೆ ಪೂರ್ತಿ ಮುಚ್ಚುವ ಬಾಗಿಲಿಲ್ಲ. ಎಂಜಿನ್‌ನ ಹಿಂಬದಿ ಅಂಚು ಗರಗಸದ ಹಲ್ಲಿನ ಹಾಗಿದ್ದು, ರೆಕ್ಕೆಯ ತುದಿ ಬಿಲ್ಲಿನಂತೆ ಬಾಗಿದ್ದರೆ 787 ಇರಬಹುದು. ಕಾಕ್‌ಪಿಟ್ ಗಾಜಿನ ಸುತ್ತ ಕಪ್ಪು ಕನ್ನಡಕ ಹಾಕಿದ ಹಾಗಿದ್ದರೆ ಎ350. ರೆಕ್ಕೆ ಮೈಯ ಮೇಲಿದ್ದು ಎರಡು ಪ್ರೊಪೆಲರ್ ತಿರುಗುತ್ತಿದ್ದರೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗೋ ಎಟಿಆರ್. ಎರಡು ಅಂತಸ್ತು ಉದ್ದಕ್ಕೂ ಕಿಟಕಿ ಇದ್ರೆ ಅದು 2022ರ ಅಕ್ಟೋಬರ್‌ನಿಂದ ದುಬೈಯಿಂದ ಬರುತ್ತಿರುವ ಎಮಿರೇಟ್ಸ್ ಎ380.

ಮುಂದಿನ ಹೆಜ್ಜೆ ಫೋನ್. ಫ್ಲೈಟ್‌ರಾಡಾರ್24 ಥರದ ಆಪ್‌ಗಳು ಕೆಲಸ ಮಾಡೋದು ಸರ್ಕಾರದ ರಾಡಾರ್‌ನಿಂದ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇವತ್ತಿನ ವಿಮಾನಗಳಲ್ಲಿ ಎಡಿಎಸ್-ಬಿ ಅನ್ನೋ ವ್ಯವಸ್ಥೆ ಇರುತ್ತೆ. ಉಪಗ್ರಹಗಳಿಂದ ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕಿ, ಸ್ಥಳ, ಎತ್ತರ, ವೇಗವನ್ನ ವಿಮಾನ ತಾನೇ 1090 ಮೆಗಾಹರ್ಟ್ಸ್ ರೇಡಿಯೋ ತರಂಗದಲ್ಲಿ ಸೆಕೆಂಡಿಗೆ ಒಂದೆರಡು ಬಾರಿ ಕೂಗಿ ಹೇಳುತ್ತೆ. ಸಂದೇಶಕ್ಕೆ ಗೂಢಲಿಪಿ ಇಲ್ಲ. ಬೇರೆ ವಿಮಾನಗಳಿಗೆ, ನಿಯಂತ್ರಣ ಕೇಂದ್ರಕ್ಕೆ ಕೇಳಿಸಿ ಡಿಕ್ಕಿ ತಪ್ಪಲಿ ಅನ್ನೋದೇ ಉದ್ದೇಶ. ಜಗತ್ತಿನಾದ್ಯಂತ ಸಾವಿರಾರು ಜನ ತಮ್ಮ ಮನೆ ಮಹಡಿ ಮೇಲೆ ಸಣ್ಣ ಆಂಟೆನಾ ಇಟ್ಟು ಈ ಕೂಗನ್ನ ಕೇಳಿಸಿಕೊಂಡು ಇಂಟರ್ನೆಟ್‌ಗೆ ಕಳಿಸ್ತಾರೆ. ನೀವು ಫೋನ್‌ನಲ್ಲಿ ನೋಡೋ ಹಳದಿ ವಿಮಾನಗಳ ಹಿಂದೆ ಇರೋದು ಈ ಹವ್ಯಾಸಿಗಳ ಜಾಲ.

ಪ್ರತಿ ವಿಮಾನದ ಕೂಗಿನಲ್ಲೂ 24 ಬಿಟ್‌ನ ಒಂದು ವಿಳಾಸ ಇರುತ್ತೆ. ಭಾರತದ ವಿಮಾನಗಳ ವಿಳಾಸ 8ರಿಂದ ಶುರುವಾಗುತ್ತೆ. ಕಂಪನಿ ಬಣ್ಣ ಬದಲಾಯಿಸಿದರೂ, ಫ್ಲೈಟ್ ನಂಬರ್ ಬೇರೆ ಹಾಕಿದರೂ ಈ ವಿಳಾಸ ನೋಂದಣಿಗೆ ಅಂಟಿಕೊಂಡಿರುತ್ತೆ.

ನೆನಪಿನಲ್ಲಿ ಉಳಿದ ವಿಮಾನಗಳು

ಹಳೇ ಸ್ಪಾಟರ್‌ಗಳ ಜತೆ ಮಾತಿಗೆ ಕೂತರೆ ಮೊದಲು ಬರೋದು ವಿಮಾನದ ಹೆಸರುಗಳು. ಒಂದು ಕಾಲದಲ್ಲಿ ಏರ್ ಇಂಡಿಯಾ ತನ್ನ ಬೋಯಿಂಗ್ 707ಗಳಿಗೆ ಹಿಮಾಲಯದ ಶಿಖರಗಳ ಹೆಸರಿಡುತ್ತಿತ್ತು, 747ಗಳಿಗೆ ಚಕ್ರವರ್ತಿಗಳ ಹೆಸರು. ಅಶೋಕ, ಅಕ್ಬರ್, ರಾಜೇಂದ್ರ ಚೋಳ, ನಮ್ಮ ಕೃಷ್ಣದೇವರಾಯ. ಈ ಹೆಸರುಗಳಲ್ಲಿ ಕೆಲವು ದುರಂತದ ಹೆಸರಾಗಿಯೂ ಉಳಿದಿವೆ. ಹೋಮಿ ಭಾಭಾ ಅವರನ್ನ ಹೊತ್ತು 1966ರ ಜನವರಿಯಲ್ಲಿ ಮಾಂಟ್ ಬ್ಲಾಂಕ್‌ಗೆ ಬಡಿದದ್ದು 'ಕಾಂಚನಜುಂಗಾ'. 1985ರ ಜೂನ್ 23ರಂದು ಅಟ್ಲಾಂಟಿಕ್ ಮೇಲೆ ಬಾಂಬ್‌ಗೆ ಸಿಕ್ಕಿ 329 ಜನರೊಂದಿಗೆ ಬಿದ್ದದ್ದು 'ಕನಿಷ್ಕ'. ಏರ್ ಇಂಡಿಯಾದ ಕೊನೆಯ 747ಗಳಲ್ಲಿ ಒಂದು 2024ರ ಏಪ್ರಿಲ್‌ನಲ್ಲಿ ಮುಂಬೈ ಬಿಟ್ಟು ಹೋಗುವಾಗ ಪೈಲಟ್ ರೆಕ್ಕೆ ಅಲುಗಿಸಿ ವಿದಾಯ ಹೇಳಿದ ವಿಡಿಯೋ ನಿಮ್ಮ ಫೀಡ್‌ಗೂ ಬಂದಿರಬಹುದು.

ಬೆಂಗಳೂರಿನ ನೆನಪು ಎಚ್‌ಎಎಲ್ ನಿಲ್ದಾಣದ್ದು. 2008ರ ಮೇ 23ರ ಮಧ್ಯರಾತ್ರಿಯವರೆಗೂ ನಗರದ ಎಲ್ಲ ಪ್ರಯಾಣಿಕರ ವಿಮಾನ ಇಳಿಯುತ್ತಿದ್ದದ್ದು ಅಲ್ಲೇ. ದೊಮ್ಮಲೂರು, ಮುರುಗೇಶಪಾಳ್ಯ, ಮಾರತಹಳ್ಳಿ ಕಡೆಯವರಿಗೆ ವಿಮಾನ ಅನ್ನೋದು ನೆತ್ತಿ ಮೇಲೆ ಹೋಗೋ ಸದ್ದು. ಬಸ್ ಸ್ಟಾಪಿನಲ್ಲಿ ನಿಂತೋರು ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಮುಂದುವರಿಸುತ್ತಿದ್ದರು. ಆಗ ನಿಲ್ದಾಣ ಊರೊಳಗಿತ್ತು. ವಿಮಾನ ಹತ್ತದೇ ಇದ್ದೋರಿಗೂ ಇಂಡಿಯನ್ ಏರ್‌ಲೈನ್ಸ್‌ನ ಕಿತ್ತಳೆ ಬಾಲ ಗೊತ್ತಿತ್ತು.

ಆ ಕಿತ್ತಳೆ ಬಾಲದ ಎ320ಗಳನ್ನ ಪ್ರಪಂಚದ ಸ್ಪಾಟರ್‌ಗಳು ಹುಡುಕಿಕೊಂಡು ಬರ್ತಿದ್ದರು. ಯಾಕಂದ್ರೆ ಎ320ಗೆ ರೆಕ್ಕೆಯ ಕೆಳಗೆ ಪ್ರತಿ ಕಾಲಿಗೂ ಎರಡು ಚಕ್ರ ಇರೋದು ವಾಡಿಕೆ. ಇಂಡಿಯನ್ ಏರ್‌ಲೈನ್ಸ್ ಮಾತ್ರ ನಾಲ್ಕು ಚಕ್ರದ ಬೋಗಿ ಹಾಕಿಸಿಕೊಂಡಿತ್ತು. ನಮ್ಮ ಸಣ್ಣ ಊರುಗಳ ಆಗಿನ ರನ್‌ವೇಗಳು ಗಟ್ಟಿಯಿರಲಿಲ್ಲ, ಭಾರ ಹಂಚಲಿ ಅಂತ. ಅಂದ್ರೆ ಒಂದು ಸರ್ಕಾರಿ ಕಂಪನಿ ತನ್ನ ದೇಶದ ನೆಲ ನೋಡಿ ವಿಮಾನವನ್ನ ಮಾರ್ಪಡಿಸಿ ತರಿಸಿತ್ತು. ಇಂಥ ವಿಮಾನವನ್ನ ಬೇರೆ ಯಾರೂ ತರಿಸಿಕೊಳ್ಳಲಿಲ್ಲ.

ಇದೇ ಎ320ಗಳಲ್ಲಿ ಒಂದು, ವಿಟಿ-ಇಪಿಎನ್, 1990ರ ಫೆಬ್ರವರಿ 14ರಂದು ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದ ಹತ್ತಿರ ಬಿತ್ತು. 146 ಜನರಲ್ಲಿ 92 ಜನ ಸತ್ತರು. ಎ320 ಆಗ ಹೊಸ ಕಂಪ್ಯೂಟರ್ ವಿಮಾನ, ಇಡೀ ಪಡೆಯನ್ನೇ ಸರ್ಕಾರ ತಿಂಗಳುಗಟ್ಟಲೆ ನೆಲಕ್ಕಿಳಿಸಿತು. ಇಪ್ಪತ್ತು ವರ್ಷದ ನಂತರ, 2010ರ ಮೇ 22ರಂದು, ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಟಿ-ಎಎಕ್ಸ್‌ವಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಸ್ಪಾಟರ್‌ಗಳ ಪುಸ್ತಕದಲ್ಲಿ ಈ ಅಕ್ಷರಗಳ ಮುಂದೆ ಒಂದು ಗೆರೆ ಬೀಳುತ್ತೆ.

ಇನ್ನೂ ಹಿಂದಕ್ಕೆ ಹೋಗಬಹುದು. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ತಂದ ಪುಟ್ಟ ಪುಸ್ ಮಾತ್‌ನ ಅಕ್ಷರ ವಿಟಿ-ಎಡಿಎನ್. ಅದೇ ಅಂಚೆ ಮಾರ್ಗ ಮುಂಬೈಯಿಂದ ಮುಂದುವರಿದು ಮದ್ರಾಸಿಗೆ ಹೋಗುವಾಗ ನಡುವೆ ಇಳಿಯುತ್ತಿದ್ದ ಊರು ಬಳ್ಳಾರಿ.

ಬಣ್ಣಗಳು ಎಲ್ಲಿ ಹೋದವು?

1953ರಲ್ಲಿ ನೆಹರೂ ಸರ್ಕಾರ ಖಾಸಗಿ ಕಂಪನಿಗಳನ್ನೆಲ್ಲ ರಾಷ್ಟ್ರೀಕರಿಸಿ, ದೇಶದೊಳಗಿನ ಹಾರಾಟವನ್ನ ಇಂಡಿಯನ್ ಏರ್‌ಲೈನ್ಸ್‌ಗೂ ಹೊರದೇಶದ್ದನ್ನ ಏರ್ ಇಂಡಿಯಾಕ್ಕೂ ಕೊಟ್ಟಿತು. 1990ರ ದಶಕದಲ್ಲಿ ಬಾಗಿಲು ತೆರೆಯಿತು, 1994ರಲ್ಲಿ ಆ ಕಾನೂನು ರದ್ದಾಯಿತು. ಆಗ ನೋಡಬೇಕಿತ್ತು ಆಕಾಶ! ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಸಹಾರಾ, ಜೆಟ್. ಆಮೇಲೆ 2003ರಲ್ಲಿ ಬೆಂಗಳೂರಿನಿಂದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್, ಮೈಮೇಲೆ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನ ಚಿತ್ರ. 2005ರಲ್ಲಿ ಮಲ್ಯರ ಕೆಂಪು ಕಿಂಗ್‌ಫಿಶರ್. ಮುಂದೆ ಸ್ಪೈಸ್‌ಜೆಟ್, ಗೋಏರ್, ಇಂಡಿಗೋ, ವಿಸ್ತಾರಾ, ಬೆಂಗಳೂರಿನಿಂದಲೇ ಶುರುವಾದ ಏರ್‌ಏಷ್ಯಾ ಇಂಡಿಯಾ.

ಇದರಲ್ಲಿ ಎಷ್ಟು ಉಳಿದಿವೆ? ಡೆಕ್ಕನ್ ಅನ್ನ ಕಿಂಗ್‌ಫಿಶರ್ ನುಂಗಿತು, 2012ರಲ್ಲಿ ಕಿಂಗ್‌ಫಿಶರ್ ನಿಂತಿತು. ಜೆಟ್ 2019ರ ಏಪ್ರಿಲ್ 17ರಂದು ಕೊನೆಯದಾಗಿ ಹಾರಿತು. ಗೋ ಫಸ್ಟ್ ಅಂತ ಹೆಸರು ಬದಲಿಸಿಕೊಂಡಿದ್ದ ಗೋಏರ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತು. ಟಾಟಾ 2022ರ ಜನವರಿಯಲ್ಲಿ ಏರ್ ಇಂಡಿಯಾ ವಾಪಸ್ ಪಡೆದು, 2024ರಲ್ಲಿ ಏರ್‌ಏಷ್ಯಾ ಇಂಡಿಯಾವನ್ನ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೂ ವಿಸ್ತಾರಾವನ್ನ ಏರ್ ಇಂಡಿಯಾಕ್ಕೂ ಸೇರಿಸಿತು. ಇವತ್ತು ದೇಶದೊಳಗೆ ಹಾರೋ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಇಂಡಿಗೋದಲ್ಲಿ. ಏರ್ ಇಂಡಿಯಾ ಗುಂಪನ್ನ ಸೇರಿಸಿದರೆ ನೂರಕ್ಕೆ 90ರ ಆಸುಪಾಸು.

ದೇವನಹಳ್ಳಿ ಕಡೆ ಬೇಲಿ ಹೊರಗೆ ಒಂದು ಗಂಟೆ ನಿಂತು ನೋಡಿದ್ರೆ ಈ ಅಂಕಿ ಕಣ್ಣಿಗೆ ಕಾಣುತ್ತೆ. ನೀಲಿ, ನೀಲಿ, ನೀಲಿ, ಕೆಂಪು, ನೀಲಿ. ನಡುವೆ ಅಪರೂಪಕ್ಕೆ ಆಕಾಸಾದ ಕಿತ್ತಳೆ, ಇಲ್ಲವೇ ಸ್ಟಾರ್ ಏರ್‌ನ ಒಂದು ಎಂಬ್ರೇಯರ್. ಸ್ಪಾಟರ್‌ಗೆ ಇದು ಬೇಜಾರಿನ ವಿಷಯ. ಪ್ರಯಾಣಿಕನಿಗೆ ಇದರ ಬೆಲೆ 2025ರ ಡಿಸೆಂಬರ್ ಮೊದಲ ವಾರ ಗೊತ್ತಾಯಿತು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕು ಅನ್ನೋ ಹೊಸ ನಿಯಮಕ್ಕೆ ಇಂಡಿಗೋ ಸರಿಯಾಗಿ ತಯಾರಾಗಿರಲಿಲ್ಲ. ಕೆಲವೇ ದಿನದಲ್ಲಿ ಸಾವಿರಾರು ವಿಮಾನ ರದ್ದಾದವು. ಬೇರೆ ಕಂಪನಿಗಳ ದರ ಗಗನಕ್ಕೇರಿ ಸರ್ಕಾರ ಮಿತಿ ಹೇರಬೇಕಾಯಿತು. ಕೊನೆಗೆ ಡಿಜಿಸಿಎ ಮಾಡಿದ್ದೇನು? ನಿಯಮವನ್ನೇ ಆ ಕಂಪನಿಗೆ ತಾತ್ಕಾಲಿಕವಾಗಿ ಸಡಿಲಿಸಿತು. ಮೂರರಲ್ಲಿ ಎರಡು ಭಾಗ ಒಬ್ಬರ ಕೈಯಲ್ಲಿದ್ದಾಗ ನಿಯಂತ್ರಕರ ಕೈಯಲ್ಲಿ ಇನ್ನೇನು ಉಳಿಯುತ್ತೆ?

ವಿಮಾನದ ಮಾಲೀಕ ಯಾರು?

ಇಲ್ಲಿ ಇನ್ನೊಂದು ಪದರ ಇದೆ. ನೀಲಿ ಬಣ್ಣ ಬಳಿದಿದೆ ಅಂದ ಮಾತ್ರಕ್ಕೆ ವಿಮಾನ ಇಂಡಿಗೋದ್ದು ಅಂತಲ್ಲ. ಭಾರತದ ಕಂಪನಿಗಳು ಹಾರಿಸುವ ಐದು ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ಲೀಸಿನವು. ಬಹಳಷ್ಟು ಮಾಲೀಕ ಕಂಪನಿಗಳು ಐರ್ಲೆಂಡಿನಲ್ಲಿವೆ. ಲೆಕ್ಕ ಸರಳ. ಏರ್‌ಬಸ್‌ಗೆ ಒಟ್ಟಿಗೆ ನೂರಾರು ವಿಮಾನಕ್ಕೆ ಆರ್ಡರ್ ಕೊಟ್ಟು ದೊಡ್ಡ ರಿಯಾಯಿತಿ ಪಡೀತಾರೆ. ವಿಮಾನ ಕೈಗೆ ಬರುತ್ತಲೇ ಲೀಸ್ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ತಗೋತಾರೆ. ಕೈಗೆ ನಗದು ಬರುತ್ತೆ, ತಿಂಗಳ ಬಾಡಿಗೆ ಡಾಲರ್‌ನಲ್ಲಿ ಕಟ್ಟಬೇಕಾಗುತ್ತೆ. ರೂಪಾಯಿ ಬಿದ್ದಾಗೆಲ್ಲ ಹೊಡೆತ.

ಕಂಪನಿ ಮುಗ್ಗರಿಸಿದಾಗ ಮಾಲೀಕರು ವಿಮಾನ ವಾಪಸ್ ಕೇಳ್ತಾರೆ. 2001ರ ಕೇಪ್‌ಟೌನ್ ಒಪ್ಪಂದದ ಪ್ರಕಾರ ಆ ದೇಶ ವಿಮಾನದ ನೋಂದಣಿ ರದ್ದು ಮಾಡಿ ಬಿಟ್ಟುಕೊಡಬೇಕು. ಭಾರತ 2008ರಲ್ಲೇ ಒಪ್ಪಂದಕ್ಕೆ ಸೇರಿತ್ತು. ಆದರೆ ಗೋ ಫಸ್ಟ್ ಬಿದ್ದಾಗ ನಮ್ಮ ದಿವಾಳಿ ಕಾನೂನು ಅಡ್ಡ ಬಂತು. 54 ವಿಮಾನ ಸುಮಾರು ಒಂದು ವರ್ಷ ಬಿಸಿಲಲ್ಲಿ ನಿಂತವು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಐದು ಕೆಲಸದ ದಿನದೊಳಗೆ ನೋಂದಣಿ ರದ್ದು ಮಾಡಿ ಅಂತ ಡಿಜಿಸಿಎಗೆ ಹೇಳಿತು. 2025ರಲ್ಲಿ ಸಂಸತ್ತು ಲೀಸ್ ಕಂಪನಿಗಳ ಹಕ್ಕು ಕಾಯುವ ಹೊಸ ಕಾಯ್ದೆಯನ್ನೇ ಮಾಡಿತು. ಬಾಡಿಗೆ ಕಡಿಮೆಯಾಗಿ ಟಿಕೆಟ್ ಅಗ್ಗವಾಗುತ್ತೆ ಅನ್ನೋದು ಸರ್ಕಾರದ ವಾದ. ಕೆಲಸ ಕಳೆದುಕೊಂಡ ನೌಕರರಿಗೆ, ಟಿಕೆಟ್ ದುಡ್ಡು ಮುಳುಗಿದ ಪ್ರಯಾಣಿಕರಿಗೆ ಅಂಥ ಪ್ರತ್ಯೇಕ ಕಾಯ್ದೆ ಬರಲಿಲ್ಲ.

ಈ ಸಾವುಗಳನ್ನ ಸ್ಪಾಟರ್‌ಗಳು ಮುಂಚೆಯೇ ನೋಡ್ತಾರೆ. ಮೂಲೆಯಲ್ಲಿ ಎಂಜಿನ್ ಇಲ್ಲದೇ ನಿಂತ ವಿಮಾನಗಳ ಸಂಖ್ಯೆ ಏರೋದು, ಒಂದು ವಿಮಾನದ ಭಾಗ ಇನ್ನೊಂದಕ್ಕೆ ಹೋಗೋದು, ಆಮೇಲೆ ವಿಟಿ ಅಕ್ಷರಕ್ಕೆ ಬಿಳಿ ಬಣ್ಣ ಬೀಳೋದು. ಜೆಟ್ ನಿಂತ ಕೆಲವೇ ತಿಂಗಳಲ್ಲಿ ಅದರ ಹಳೇ 737ಗಳು ಸ್ಪೈಸ್‌ಜೆಟ್ ಹೆಸರಲ್ಲಿ ಹಾರತೊಡಗಿದವು. ಕೆಲವಕ್ಕೆ ಜೆಟ್‌ನ ಬಣ್ಣ ಇನ್ನೂ ಹೋಗಿರಲಿಲ್ಲ.

ಹವ್ಯಾಸಿ ಸಾಕ್ಷಿಯಾದಾಗ

2001ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಒಂದು ಪತ್ರಿಕೆ ಸಣ್ಣ ಸುದ್ದಿ ಮಾಡಿತು. ಕರಾಚಿ ನಿಲ್ದಾಣದಲ್ಲಿ ರಾತ್ರೋರಾತ್ರಿ ಒಬ್ಬನನ್ನ ಅಮೆರಿಕದವರ ಗಲ್ಫ್‌ಸ್ಟ್ರೀಮ್ ಜೆಟ್‌ಗೆ ಹತ್ತಿಸಿದರು ಅನ್ನೋ ಸುದ್ದಿ. ವರದಿಗಾರ ವಿಮಾನದ ಅಕ್ಷರವನ್ನೂ ಬರೆದಿದ್ದರು: ಎನ್379ಪಿ. ಎರಡು ತಿಂಗಳ ನಂತರ ಸ್ವೀಡನ್‌ನಿಂದ ಇಬ್ಬರು ಈಜಿಪ್ಟಿನವರನ್ನ ಸಾಗಿಸಿದ್ದೂ ಇದೇ ವಿಮಾನ. ಯುರೋಪಿನ ನಿಲ್ದಾಣಗಳಲ್ಲಿ ಸ್ಪಾಟರ್‌ಗಳು ಸುಮ್ಮನೆ ತೆಗೆದಿಟ್ಟಿದ್ದ ಫೋಟೋಗಳಲ್ಲೂ ಇಂಥ ಅಕ್ಷರಗಳು ಸಿಕ್ಕವು. ಎಲ್ಲಿ, ಯಾವ ದಿನ, ಯಾವ ವಿಮಾನ ಅನ್ನೋದನ್ನ ಪತ್ರಕರ್ತರು ಜೋಡಿಸುತ್ತಾ ಹೋದಾಗ ಸಿಐಎ ಜನರನ್ನ ಗುಟ್ಟಾಗಿ ಬೇರೆ ದೇಶಗಳ ಜೈಲಿಗೆ ಸಾಗಿಸುತ್ತಿದ್ದ ಜಾಲ ಬಯಲಾಯಿತು. 2006ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದರ ಮೇಲೆ ವರದಿ ಕೊಟ್ಟಿತು. ಫೋಟೋ ತೆಗೆದವರಿಗೆ ತಾವೇನು ತೆಗೆದಿದ್ದೇವೆ ಅನ್ನೋದೇ ಗೊತ್ತಿರಲಿಲ್ಲ.

ಅಹಮದಾಬಾದಿನ ದುರಂತ ಹತ್ತಿರದ್ದು. 2025ರ ಜೂನ್ 12ರಂದು ಏರ್ ಇಂಡಿಯಾದ 787, ವಿಟಿ-ಎಎನ್‌ಬಿ, ಮೇಲೆದ್ದ ಅರ್ಧ ನಿಮಿಷದಲ್ಲಿ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರೇ ಬದುಕಿದರು, ಕೆಳಗಿದ್ದವರೂ ಸೇರಿ 260 ಜನ ಸತ್ತರು. ಜಗತ್ತು ನೋಡಿದ ವಿಡಿಯೋ ತೆಗೆದದ್ದು ವಿಮಾನ ನೋಡೋ ಆಸೆಯಿಂದ ಮಹಡಿ ಹತ್ತಿದ್ದ ಹದಿಹರೆಯದ ಹುಡುಗ. ಆ ದಿನದ ವಿಡಿಯೋಗಳ ಚಿತ್ರ, ಸದ್ದು ನೋಡಿಯೇ ತುರ್ತು ವಿದ್ಯುತ್ ಕೊಡುವ ಪುಟ್ಟ ಗಾಳಿಯಂತ್ರ ಹೊರಬಂದಿತ್ತು, ಅಂದ್ರೆ ಎಂಜಿನ್ ಎರಡೂ ಶಕ್ತಿ ಕಳೆದುಕೊಂಡಿರಬೇಕು ಅಂತ ತಜ್ಞರು ಹೇಳತೊಡಗಿದರು. ಜುಲೈನ ಪ್ರಾಥಮಿಕ ವರದಿ ಅದು ಹೊರಬಂದಿದ್ದನ್ನ ಖಚಿತಪಡಿಸಿತು. ಹುಡುಗನ ಪಾಡೇನು? ಪೊಲೀಸರು ಕರೆದು ಹೇಳಿಕೆ ಪಡೆದರು. ಅವನನ್ನ ಬಂಧಿಸಿದ್ದಾರೆ ಅಂತ ಸುದ್ದಿ ಹಬ್ಬಿ, ಇಲ್ಲ, ಅವನು ಸಾಕ್ಷಿ ಅಂತ ಪೊಲೀಸರೇ ಹೇಳಬೇಕಾಯಿತು. ಫೋಟೋ ತೆಗೆದವ ಅಂದ ತಕ್ಷಣ 'ಬಂಧನ' ಅನ್ನೋ ಪದ ಎಷ್ಟು ಸುಲಭವಾಗಿ ನಂಬಿಕೆಗೆ ಬಂತು ನೋಡಿ.

ಇದು ಬೇಹುಗಾರಿಕೆಯಾ?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸರ್ಕಾರವೇ ಸಾವಿರಾರು ಸ್ವಯಂಸೇವಕರಿಗೆ ವಿಮಾನ ಗುರುತಿಸೋದು ಕಲಿಸಿ ಬೆಟ್ಟದ ಮೇಲೆ ಕೂರಿಸಿತ್ತು. ಆಗ ಇದು ದೇಶಸೇವೆ. ಅದೇ ಬ್ರಿಟನ್ನಿನ 12 ಹವ್ಯಾಸಿಗಳು ಮತ್ತು ಇಬ್ಬರು ಡಚ್ಚರು 2001ರ ನವೆಂಬರ್‌ನಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯ ಪ್ರದರ್ಶನಕ್ಕೆ ಹೋದಾಗ ಬೇಹುಗಾರಿಕೆ ಅಂತ ಬಂಧನವಾಯಿತು. ಎಂಟು ಜನರಿಗೆ ಮೂರು ವರ್ಷ ಶಿಕ್ಷೆ. ಒಂದು ವರ್ಷದ ನಂತರ ಮೇಲ್ಮನವಿಯಲ್ಲಿ ಎಲ್ಲರೂ ಬಿಡುಗಡೆ. ನಮ್ಮಲ್ಲೂ 2010ರಲ್ಲಿ ದೆಹಲಿ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ವಿಮಾನಗಳ ಫೋಟೋ ತೆಗೆಯುತ್ತಾ, ರೇಡಿಯೋ ಕೇಳುತ್ತಾ ಇದ್ದ ಇಬ್ಬರು ಬ್ರಿಟಿಷರನ್ನ ಬಂಧಿಸಿ, ವಾರಗಟ್ಟಲೆ ಇಟ್ಟುಕೊಂಡು, ದಂಡ ಹಾಕಿ ಕಳಿಸಿದರು.

ಭದ್ರತೆಯ ಕಾಳಜಿಯನ್ನ ತಳ್ಳಿಹಾಕೋಕಾಗಲ್ಲ. ಗೋವಾ, ಪುಣೆ, ಶ್ರೀನಗರದಲ್ಲಿ ಪ್ರಯಾಣಿಕರ ವಿಮಾನವೂ ಯುದ್ಧವಿಮಾನವೂ ಒಂದೇ ರನ್‌ವೇ ಬಳಸುತ್ತವೆ. 2025ರ ಮೇನಲ್ಲಿ ಇಂಥ ಕಡೆ ಕಿಟಕಿ ಮುಚ್ಚಿ ಅಂತ ಡಿಜಿಸಿಎ ಹೇಳಿದ್ದಕ್ಕೆ ಕಾರಣ ಇದೆ. ಆದ್ರೆ ಕೆಂಪೇಗೌಡ ನಿಲ್ದಾಣದ ಬೇಲಿ ಹೊರಗೆ, ಸಾರ್ವಜನಿಕ ರಸ್ತೆಯಲ್ಲಿ ನಿಂತು ಇಂಡಿಗೋ ಫೋಟೋ ತೆಗೆದವನಿಗೂ ಅದೇ ಅನುಮಾನ ಯಾಕೆ? ಆ ವಿಮಾನ ತಾನೆಲ್ಲಿದ್ದೀನಿ ಅಂತ ತಾನೇ ರೇಡಿಯೋದಲ್ಲಿ ಕೂಗ್ತಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣ ರನ್‌ವೇ ಪಕ್ಕದಲ್ಲೇ ವೀಕ್ಷಕರ ಪಾರ್ಕ್ ಮಾಡಿ, ಅದರಲ್ಲಿ ಕಾಂಕಾರ್ಡ್ ವಿಮಾನವೊಂದನ್ನ ನಿಲ್ಲಿಸಿದೆ. ದಿನಾ ಬೇಲಿ ಬಳಿ ಇರೋ ಹವ್ಯಾಸಿಗೆ ಅಸಹಜವಾದದ್ದು ಮೊದಲು ಕಾಣುತ್ತೆ ಅನ್ನೋದು ಅವರಿಗೆ ಅರ್ಥ ಆಗಿದೆ.

ನಿಜವಾದ ಮುಜುಗರ ಇರೋದು ಬೇರೆ ಕಡೆ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರದ ಅತೃಪ್ತ ಶಾಸಕರು ರಾಜೀನಾಮೆ ಕೊಟ್ಟು ಎಚ್‌ಎಎಲ್‌ನಿಂದ ಚಾರ್ಟರ್ ವಿಮಾನದಲ್ಲಿ ಮುಂಬೈಗೆ ಹಾರಿದರು. ತಿಂಗಳೊಳಗೆ ಸರ್ಕಾರ ಬಿತ್ತು. 2022ರಲ್ಲಿ ಮಹಾರಾಷ್ಟ್ರದ ಶಾಸಕರು ಸೂರತ್‌ನಿಂದ ಗುವಾಹಟಿಗೆ ಹೋದದ್ದೂ ಹೀಗೇ. ಯಾರ ವಿಮಾನ, ಬಾಡಿಗೆ ಕೊಟ್ಟವರು ಯಾರು ಅನ್ನೋದು ಮತದಾರರು ಕೇಳಲೇಬೇಕಾದ ಪ್ರಶ್ನೆ. ಅದರ ಮೊದಲ ಸುಳಿವು ಸಿಗೋದು ಆ ಐದು ಅಕ್ಷರದಲ್ಲಿ. ಖಾಸಗಿ ಜೆಟ್‌ನವರು ಕೆಲವು ಆಪ್‌ಗಳಿಗೆ ಹೇಳಿ ತಮ್ಮ ವಿಮಾನ ಕಾಣದ ಹಾಗೆ ಮಾಡಿಸಿಕೊಳ್ಳಬಹುದು. ಎಡಿಎಸ್‌ಬಿ ಎಕ್ಸ್‌ಚೇಂಜ್ ಥರದ ಹವ್ಯಾಸಿ ಜಾಲ ಹಾಗೆ ಮುಚ್ಚೋದಿಲ್ಲ.

ಏನು ಕೇಳಬಹುದು?

ದೊಡ್ಡ ಬೇಡಿಕೆಗಳೇನಲ್ಲ, ಮೂರೇ. ಒಂದು, ಪ್ರತಿ ವಿಟಿ ವಿಮಾನದ ಹಿಂದಿರುವ ಮಾಲೀಕ ಮತ್ತು ಲೀಸ್‌ದಾರ ಯಾರು ಅನ್ನೋದು ಯಾರು ಬೇಕಾದರೂ ಹುಡುಕಬಹುದಾದ ರೂಪದಲ್ಲಿ, ಹಳೆಯ ದಾಖಲೆ ಸಮೇತ ಸಿಗಬೇಕು. ರದ್ದಾದ ನೋಂದಣಿಗಳ ಇತಿಹಾಸ ಹವ್ಯಾಸಿಗಳ ನೋಟ್‌ಬುಕ್ ನಂಬಿಕೊಂಡು ಇರಬಾರದು. ಎರಡು, ನಾಗರಿಕ ನಿಲ್ದಾಣದ ಬೇಲಿ ಹೊರಗಿನ ಸಾರ್ವಜನಿಕ ಜಾಗದಿಂದ ಫೋಟೋ ತೆಗೆಯಬಹುದೋ ಇಲ್ಲವೋ ಅನ್ನೋದನ್ನ ಗಸ್ತಿನ ಪೊಲೀಸರ ಮೂಡ್‌ಗೆ ಬಿಡದೇ ಸ್ಪಷ್ಟವಾಗಿ ಬರೆಯಬೇಕು. 1934ರ ವಿಮಾನ ಕಾಯ್ದೆ ಹೋಗಿ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ನಿಯಮಗಳನ್ನ ಹೊಸದಾಗಿ ಬರೆಯೋಕೆ ಇದೇ ಸಮಯ. ಮೂರು, ಎಚ್‌ಎಎಲ್ ಕಾಲದಲ್ಲಿ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಪುಕ್ಕಟೆ ಸಿಗುತ್ತಿದ್ದ ನೋಟ ಈಗ ಊರಿನಿಂದ ಮೂವತ್ತು ಕಿಲೋಮೀಟರ್ ಆಚೆ, ಟಿಕೆಟ್ ಇದ್ದೋರಿಗೆ ಮಾತ್ರ ಅನ್ನೋ ಹಾಗಾಗಿದೆ. ನಿಲ್ದಾಣದ ಬದಿಯಲ್ಲಿ ಜನ ಬಂದು ಕೂತು ನೋಡೋಕೆ ಒಂದು ಜಾಗ ಮಾಡೋದು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ, ಮುಂದಿನ ಸಲ ಗೇಟ್ ಹತ್ತಿರ ಬೋರ್ಡಿಂಗ್‌ಗೆ ಕಾಯ್ತಾ ಇರುವಾಗ ಗಾಜಿನಾಚೆ ನಿಂತ ವಿಮಾನದ ಬಾಲದ ಕಡೆ ನೋಡಿ. ಐದು ಅಕ್ಷರ ಓದಿ, ಫೋನ್‌ನಲ್ಲಿ ಹುಡುಕಿ. ವಿಮಾನಕ್ಕೆ ಎಷ್ಟು ವಯಸ್ಸು, ಹಿಂದೆ ಯಾವ ಕಂಪನಿಯ ಬಣ್ಣ ಹೊತ್ತಿತ್ತು ಅನ್ನೋದು ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಆ ಮಾಹಿತಿಯನ್ನ ಅಲ್ಲಿ ಹಾಕಿಟ್ಟಿರೋದು ಬಹುತೇಕ ಯಾವುದೋ ಬೇಲಿಯ ಹೊರಗೆ ಬಿಸಿಲಲ್ಲಿ ನಿಂತಿದ್ದ ಒಬ್ಬ ಅಪರಿಚಿತ ಹವ್ಯಾಸಿ.